ಎಪ್ಪತ್ತೆರಡು ಫಿರಂಗಿಗಳ ರೆಜಿಮೆಂಟು

ಆ ಪುಟ್ಟ ಕಂಪನಿಯಲ್ಲಿ ಎಲ್ಲರೂ ಅವಳನ್ನು ಪಟ್ಟಿ ಅಕ್ಕ ಎಂದೇ ಕರೆಯುತ್ತಿದ್ದರು. ಎರಡನೇ ಮಹಾಯುದ್ಧದ ಪೆಸಿಫಿಕ್ ಕಾಳಗದ ಕಂಪ್ಯೂಟರ್ ಆಟವೊಂದಕ್ಕೆ ಮಿತ್ರರಾಷ್ಟ್ರಗಳ ಸೈನ್ಯದ ಪಟ್ಟಿ ಮಾಡುವುದು ಅವಳ ಕೆಲಸ. ಯಾವ ಡಿವಿಷನ್ನಿನಲ್ಲಿ ಎಷ್ಟು ಪಡೆ, ಯಾವ ಪಡೆಯಲ್ಲಿ ಎಷ್ಟು ಜನ, ಎಷ್ಟು ಫಿರಂಗಿ. ಒಂದು ಅಂಕಿ ಆಚೀಚೆಯಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಬಿಡುಗಡೆಗೆ ಹತ್ತು ದಿನವಿರುವಾಗ, ಪರೀಕ್ಷೆಗೆಂದು ಆಡುತ್ತಿದ್ದವರೆಲ್ಲ ಒಂದೇ ರಾಗ ಎಳೆಯತೊಡಗಿದರು. ಆಸ್ಟ್ರೇಲಿಯಾದ ಒಂದು ಡಿವಿಷನ್ ಇಳಿಸಿದರೆ ಸಾಕು, ದ್ವೀಪಕ್ಕೆ ದ್ವೀಪವೇ ನೆಲಸಮ, ಇದೆಂಥ ಸಪ್ಪೆ ಆಟ ಎಂದು. ಅಕ್ಕ ಹಿಂದುಮುಂದು ನೋಡಲಿಲ್ಲ. ತನ್ನ ಪಟ್ಟಿ ತಪ್ಪಿರಲು ಸಾಧ್ಯವೇ ಇಲ್ಲ, ಪ್ರೋಗ್ರಾಂ ಬರೆಯುವ ಗಡ್ಡಪ್ಪನೇ ಏನೋ ಕೆಡಿಸಿದ್ದಾನೆ ಎಂದು ಯಜಮಾನರ ಎದುರಿಗೇ ಅವನ ಮೇಲೆ ಗೂಬೆ ಕೂರಿಸಿದಳು. ಗಡ್ಡಪ್ಪ ಕಿವಿ ಕೆಂಪಗೆ ಮಾಡಿಕೊಂಡು ತನ್ನ ಕುರ್ಚಿಗೆ ಹೋಗಿ ಕುಳಿತ.

ಭಾನುವಾರ ಅವಳ ಸೋದರಮಾವ ಮನೆಗೆ ಬಂದರು. ಫಿರಂಗಿ ದಳದಲ್ಲಿ ಇಪ್ಪತ್ತು ವರ್ಷ ಸವೆಸಿ ನಿವೃತ್ತರಾದವರು. ಅವಳು ಹೆಮ್ಮೆಯಿಂದ ಆಟ ತೆರೆದು ತೋರಿಸಿದರೆ, ಕನ್ನಡಕ ಏರಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನಮ್ಮಾ, ಒಂದು ರೆಜಿಮೆಂಟಿಗೆ ಎಪ್ಪತ್ತೆರಡು ಫಿರಂಗಿನಾ? ಆ ಕಾಲದಲ್ಲಿ ಇಪ್ಪತ್ನಾಲ್ಕು ಇರ್ತಿತ್ತು ಅಷ್ಟೆ. ಇಷ್ಟನ್ನೆಲ್ಲ ಕಾಡಲ್ಲಿ ಎಳ್ಕೊಂಡು ಹೋಗೋರು ಯಾರು?”

ಅವಳು ತಕ್ಷಣ ತನ್ನ ಹಳೆಯ ಟಿಪ್ಪಣಿ ಹುಡುಕಿ ತೆಗೆದಳು. ರೆಜಿಮೆಂಟ್ ಎಂದರೆ ಮೂರು ಬೆಟಾಲಿಯನ್, ಅಂದರೆ ಮೂರು ಚಿಕ್ಕ ಪಡೆ, ಸೇರಿದ್ದು ಎಂದು ಗಡ್ಡಪ್ಪನಿಗೆ ಬರೆದುಕೊಟ್ಟವಳು ತಾನೇ! ಅಮೆರಿಕದ ಕಾಲಾಳು ಪಡೆಗೆ ಆ ಮಾತು ಸರಿ. ಆದರೆ ಬ್ರಿಟಿಷರ ಪದ್ಧತಿ ಹಿಡಿದ ಆಸ್ಟ್ರೇಲಿಯಾದವರಲ್ಲಿ ಫಿರಂಗಿ ರೆಜಿಮೆಂಟು ಒಂದು ಬೆಟಾಲಿಯನ್ನಿನಷ್ಟೇ ದೊಡ್ಡದು. ಕಂಪ್ಯೂಟರ್ ಪಾಪ, ಹೇಳಿದ ಮಾತು ಕೇಳಿ ಇಪ್ಪತ್ನಾಲ್ಕು ಫಿರಂಗಿಯನ್ನೂ ಮೂರರಿಂದ ಗುಣಿಸಿತ್ತು.

ಸೋಮವಾರ ಯಜಮಾನರ ಕೋಣೆಗೆ ಗಡ್ಡಪ್ಪನನ್ನೂ ಕರೆದುಕೊಂಡೇ ಹೋದಳು.

“ತಪ್ಪು ನಂದು ಸಾರ್. ಸುಮ್ಸುಮ್ನೆ ಇವನ ಮೇಲೆ ಹಾಕ್ದೆ.”

ಯಜಮಾನರು ಗಡ್ಡಪ್ಪನ ಮುಖ ನೋಡಿದರು. ಅವನು ಗಡ್ಡ ಕೆರೆದುಕೊಂಡ.

“ನಂಗೂ ಅನುಮಾನ ಇತ್ತಕ್ಕ. ಅಷ್ಟೂ ಒಟ್ಟಿಗೆ ಸಿಡಿಯೋದು ನೋಡೋಕೆ ಚೆನ್ನಾಗಿತ್ತು, ಅದಕ್ಕೇ ಬಾಯಿ ಬಿಡ್ಲಿಲ್ಲ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಅಕ್ಕಪಕ್ಕ ಕುಳಿತು, ಒಂದೊಂದು ದೇಶದ ರೆಜಿಮೆಂಟಿಗೂ ಬೇರೆ ಬೇರೆ ಅಳತೆ ಕೊಟ್ಟು ಮೂರು ದಿನದಲ್ಲಿ ಸರಿಮಾಡಿದರು.

ಗುರುವಾರ, ಎಲ್ಲರಿಗಿಂತ ಜೋರಾಗಿ ದೂರಿದ್ದ ಆಟಗಾರ ಅದೇ ದ್ವೀಪದಲ್ಲಿ ನಾಲ್ಕು ಸಲ ಸೋತ. ಕಸ ಗುಡಿಸುವಾಕೆ ಕಾಲೆತ್ತಲು ಹೇಳಿದರೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು, ಪರದೆಯಿಂದ ಕಣ್ಣು ಕೀಳದೆ ಐದನೆಯ ಸಲ ಹಡಗಿನಿಂದ ಪಡೆ ಇಳಿಸತೊಡಗಿದ.