ಕಿತ್ತಳೆ ಜಾಕೆಟ್ಟು ಬರುವತನಕ

ಊರಿನಲ್ಲಿ ಭಾನುವಾರ ಅಂಗಡಿ ಮುಚ್ಚುವ ಕ್ಷೌರಿಕ ಅವನೊಬ್ಬನೇ. ಗಿರಾಕಿಗಳು ಬೈದುಕೊಳ್ಳುತ್ತಿದ್ದರು, ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು, ಅವನು ಮಾತ್ರ ಬೈಕು ಒರೆಸುತ್ತಿದ್ದ. ಶನಿವಾರ ಸಂಜೆ ಮೈದಾನದಲ್ಲಿ ಇಟ್ಟಿಗೆಗಳ ನಡುವೆ ಆಮೆಯ ಹಾಗೆ ಬೈಕು ಓಡಿಸುವ ಅಭ್ಯಾಸ, ಭಾನುವಾರ ಬೆಳಿಗ್ಗೆ ಗುಂಪು ಕಟ್ಟಿಕೊಂಡು ಊರಾಚೆಗೆ ಸವಾರಿ. ಗುಂಪಿನವರೆಲ್ಲ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ವಾರವೆಲ್ಲ ಬೇರೆಯವರ ತಲೆ ಹಿಡಿದುಕೊಂಡು ನಿಲ್ಲುವವನಿಗೆ ಈ ಎರಡು ದಿನ ತನ್ನ ತಲೆ ಹಗುರ.

ಈ ಭಾನುವಾರ ಮಾತ್ರ ಅವನು ಒರೆಸಿದ ಬೈಕನ್ನೇ ಮತ್ತೆ ಮತ್ತೆ ಒರೆಸಿದ. ಕಾರಣ, ಅತ್ತೆ.

ಮಾವ ತೀರಿಹೋದ ಮೇಲೆ ಅವರ ಹಳೇ ಬೈಕು ಟಾರ್ಪಾಲಿನಡಿ ನಿಂತೇ ಇತ್ತು. ಕೊಳ್ಳುವವರಿದ್ದರೆ ನೋಡಲೇ ಎಂದು ಕತ್ತರಿ ಒಮ್ಮೆ ಕೇಳಿದ್ದ. “ಕೊಳ್ಳೋರು ಯಾಕೆ ಅಳಿಯಂದಿರೇ, ಓಡಿಸೋರೇ ಸಿಕ್ಕಿದ್ದಾರೆ” ಎಂದರು ಅತ್ತೆ. ಯಾರು ಎಂದರೆ, “ನಾನು.” ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಇನ್ನೊಬ್ಬರಿಗೆ ಹೇಳಿ ಅಭ್ಯಾಸವೇ ಹೊರತು ಕೇಳಿ ಅಭ್ಯಾಸವಿಲ್ಲ. ಅಳಿಯ ಡಾಕ್ಟರಿಗೆ ಕಣ್ಣು ತೋರಿಸಿ ಎಂದರೆ ಬಲ್ಬು ಬದಲಾಯಿಸುತ್ತಿದ್ದರು. ಕೊಡೆ ತಗೊಳ್ಳಿ ಎಂದರೆ ಮೋಡವನ್ನೊಮ್ಮೆ ಗದರುವ ಹಾಗೆ ನೋಡಿ ಬರಿಗೈಯಲ್ಲಿ ಹೊರಡುತ್ತಿದ್ದರು. ಆದರೂ ಮೈದಾನದ ಇಟ್ಟಿಗೆಗಳ ನಡುವೆ ಬೀಳದೆ ಓಡಿಸುವುದನ್ನು ಕಲಿತರು. ಇಂದು ಅವರ ಮೊದಲ ಸವಾರಿ.

ಹಿಂದಿನ ಸಂಜೆ ಕತ್ತರಿ ಅವರನ್ನು ಕೂರಿಸಿಕೊಂಡು ಗುಂಪಿನ ಪದ್ಧತಿ ವಿವರಿಸಿದ್ದ. ಎಲ್ಲರಿಗಿಂತ ಮುಂದೆ ಇರುವವರು ದಾರಿ ಬಲ್ಲವರು. ತಿರುವು ಬಂದಾಗ ಅವರ ಬೆನ್ನಿಗಿರುವವನು ಅಲ್ಲಿ ಇಳಿದು, ಕೈ ಚಾಚಿ ದಾರಿ ತೋರಿಸುತ್ತ ನಿಲ್ಲಬೇಕು. ಎಲ್ಲರೂ ದಾಟಿ, ಕೊನೆಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟವನು ಬರುವತನಕ ಅವನು ಜಾಗ ಬಿಡುವಂತಿಲ್ಲ. ಯಾರೂ ನಿಂತಿಲ್ಲದ ಕಡೆ ತಿರುಗುವಂತಿಲ್ಲ.

“ಇನ್ನೊಂದ್ಸಲ ಹೇಳಿ ಅತ್ತೆ.”

“ಆಳಿದ್ರೆ ತಿರುಗೋದು, ಆಳಿಲ್ದಿದ್ರೆ ನೇರ. ನಾನೇನು ಮಗ್ಗಿ ಒಪ್ಪಿಸ್ತಿದೀನಾ?”

“ಅಲ್ಲಿ ನಿಮ್ಮ ಸ್ವಂತ ಬುದ್ಧಿ ಓಡಿಸ್ಬೇಡಿ. ಇದೊಂದು ಮಾತು ನಂದು ಕೇಳಿ.”

ಅತ್ತೆ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಆಯ್ತು. ಇದೊಂದು ಕೇಳ್ತೀನಿ.”

ಬೆಳಿಗ್ಗೆ ಹೊರಡುವಾಗ ಹೆಂಡತಿ ಗೇಟಿನ ಹತ್ತಿರ ಬಂದಳು. “ಅಮ್ಮನ್ನ ಬಿಟ್ಟು ನೀವೊಬ್ರೇ ಬಂದ್ರೆ ನಾನು ಬಾಗಿಲು ತೆಗೆಯಲ್ಲ, ನೋಡಿ.” ನಗುತ್ತಲೇ ಹೇಳಿದಳು. ಆದರೆ ಕೈ ಗೇಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ರಸ್ತೆಯ ಮೇಲೆಲ್ಲ ಮಂಜು. ಮುಂದೆ ಡ್ರೈವಿಂಗ್ ಶಾಲೆಯ ಮೇಷ್ಟ್ರು, ಅವರ ಹಿಂದೆ ಕತ್ತರಿ. ಎಲ್ಲರ ಕೊನೆಗೆ ನಲ್ಲಿ ರಿಪೇರಿಯವನು. ಯಾವಾಗಲೂ ಬಾಲದಲ್ಲಿರುವುದರಿಂದ ಅವನ ಹೆಸರು ಬಾಲಣ್ಣ. ಕಿತ್ತಳೆ ಜಾಕೆಟ್ಟು ಅವನದು. ಅತ್ತೆ ಎಲ್ಲೋ ಹಿಂದುಗಡೆ ನಿಧಾನವಾಗಿ ಬರುತ್ತಿದ್ದರು.

ಮುಚ್ಚಿದ ಪೆಟ್ರೋಲ್ ಬಂಕಿನ ಹತ್ತಿರ ಮೇಷ್ಟ್ರು ಎಡಗೈ ಚಾಚಿ ತಿರುಗಿದರು. ಕತ್ತರಿ ಇಳಿದು ನಿಂತ. ಎಡಕ್ಕೆ ಹೋದರೆ ಚಹಾದ ಅಂಗಡಿ, ಇಂದಿನ ತಂಗುದಾಣ. ನೇರ ಹೋದರೆ ಹೊಳೆ, ಹೊಳೆಯ ಮೇಲೆ ಅರ್ಧ ಕಟ್ಟಿ ಕೈಬಿಟ್ಟ ಸೇತುವೆ. ಹೊಸಬರಿಗೆ ಅದು ತಿಳಿಯದು. ಅವನು ಕೈ ಚಾಚಿ, ಮಂಜಿನಿಂದ ಮೂಡುವ ಒಂದೊಂದು ದೀಪವನ್ನೂ ದಿಟ್ಟಿಸಿದ. ಬೈಕುಗಳು ಬಂದವು, ತಿರುಗಿದವು. ಅಷ್ಟರಲ್ಲಿ ಒಂದು ಬಸ್ಸು ಅವನಿಗೂ ರಸ್ತೆಗೂ ಅಡ್ಡ ಬಂದು ನಿಂತು, ಯಾರನ್ನೋ ಇಳಿಸಿ, ಹೊಗೆ ಬಿಟ್ಟು ಹೋಯಿತು. ಬಸ್ಸಿನ ಆ ಕಡೆ ಒಂದೆರಡು ಬೈಕುಗಳ ಸದ್ದು ಎಡಕ್ಕೆ ಹೊರಳಿದ್ದು ಕೇಳಿಸಿತು. ಮಾವನ ಬೈಕಿನ ಸದ್ದೇ? ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಅದರ ಹಿಂದೆಯೇ ಕಿತ್ತಳೆ ಜಾಕೆಟ್ಟು ಬಂತು, ಕೈ ಎತ್ತಿತು, ತಿರುಗಿತು.

ಕತ್ತರಿ ಒಂದು ಕ್ಷಣ ನಿಂತೇ ಇದ್ದ. ಅತ್ತೆಯನ್ನು ಕಣ್ಣಾರೆ ಕಂಡಿರಲಿಲ್ಲ. ಆದರೆ ಜಾಕೆಟ್ಟು ಬಂದಾಯಿತೆಂದರೆ ಹಿಂದೆ ಯಾರೂ ಇಲ್ಲ ಎಂದರ್ಥ. ತನ್ನ ಕಣ್ಣಿಗಿಂತ ಜಾಕೆಟ್ಟನ್ನೇ ನಂಬಿ ಹೊರಟುಬಿಟ್ಟ.

ಚಹಾದ ಅಂಗಡಿಯ ಮುಂದೆ ಹೆಲ್ಮೆಟ್ಟುಗಳು ಒಂದೊಂದಾಗಿ ಕಳಚಿದವು. ಅತ್ತೆಯ ತಲೆ ಯಾವುದರಿಂದಲೂ ಹೊರಬರಲಿಲ್ಲ. ಕೊನೆಗೆ ಕಿತ್ತಳೆ ಜಾಕೆಟ್ಟಿನವನು ಹೆಲ್ಮೆಟ್ಟು ತೆಗೆದ. ಒಳಗಿದ್ದವನು ಬಾಲಣ್ಣನಲ್ಲ. ಮೊನ್ನೆಮೊನ್ನೆ ಮದುವೆಯಾದ ಎಲೆಕ್ಟ್ರಿಷಿಯನ್, ಗುಂಪಿನವರ ಬಾಯಲ್ಲಿ ಮದುಮಗ.

“ಇದು ನಿನ್ನ ಮೈಮೇಲೆ ಹೇಗೆ ಬಂತೋ?”

“ಚಳಿ ಕತ್ರಿಯಣ್ಣ, ಹಲ್ಲು ಕಟಕಟ ಅಂತಿತ್ತು. ಬಾಲಣ್ಣ ಪಾಪ ಅಂತ ಬಿಚ್ಚಿ ಕೊಟ್ಟ. ಒಳ್ಳೇ ಬೆಚ್ಚಗಿದೆ.”

“ನಮ್ಮತ್ತೆ?”

“ಹಿಂದೆ ಇದ್ರು. ತುಂಬ ನಿಧಾನ ಅಂತ ನಾನು ದಾಟ್ಕೊಂಡು ಬಂದೆ.” ಹೇಳುತ್ತ ಹೇಳುತ್ತಲೇ ಅವನಿಗೆ ತಾನು ತೊಟ್ಟಿದ್ದು ಏನೆಂಬುದು ಹೊಳೆಯಿತು. ಬೆಂಕಿ ತಗುಲಿದವನ ಹಾಗೆ ಜಾಕೆಟ್ಟು ಕಿತ್ತುಹಾಕಿದ.

ಆಗ ಬಾಲಣ್ಣ ಬಂದ. ಒಬ್ಬನೇ.

“ಬಾಲಣ್ಣ, ಅತ್ತೆ ನಿನ್ನ ಹಿಂದೆ ಇದ್ದಾರಾ?”

“ನನ್ನ ಹಿಂದೆ ಯಾರಿರ್ತಾರೋ? ನಾನೇ ಕೊನೆ. ಚೈನು ಕಳಚ್ತು ಅಂತ ನಿಂತೆ, ಅಮ್ಮ ಮುಂದೆ ಹೋದ್ರು. ಬಂಕಿನ ಹತ್ರ ನೀನೂ ಇರ್ಲಿಲ್ಲ. ನನಗೆ ದಾರಿ ಗೊತ್ತಲ್ಲ, ತಿರುಗಿ ಬಂದೆ.”

ತಿರುವಿನಲ್ಲಿ ಆಳಿಲ್ಲ. ಆಳಿಲ್ಲದಿದ್ದರೆ ನೇರ. ಕತ್ತರಿ ಅತ್ತೆಗೆ ಫೋನ್ ಮಾಡಿದ. ರಿಂಗ್ ಆಗಿ ಆಗಿ ನಿಂತಿತು. “ನಾವೂ ಬರ್ತೀವಿ, ತಡಿ” ಎಂದು ಮೇಷ್ಟ್ರು ಕೂಗುವಷ್ಟರಲ್ಲಿ ಅವನು ಬೈಕು ಹೊರಳಿಸಿಯಾಗಿತ್ತು. ಅದೇ ಹೊತ್ತಿಗೆ ಹೆಂಡತಿಯ ಫೋನು.

“ಅಮ್ಮ ಹೇಗಿದ್ದಾಳೆ?”

“ಮುಂದೆ ಹೋಗಿದ್ದಾರೆ.”

“ನಿಮಗಿಂತ ಮುಂದೇನಾ!” ಅವಳು ನಕ್ಕಳು. ಆ ನಗು ಅವನ ಬೆನ್ನಿಗೆ ಅಂಟಿಕೊಂಡು ದಾರಿಯುದ್ದಕ್ಕೂ ಬಂತು.

ಬಂಕಿನ ಹತ್ತಿರ, ತಾನು ನಿಂತಿದ್ದ ಜಾಗದಲ್ಲಿ, ಯಾರೂ ಇರಲಿಲ್ಲ. ಅವನು ಹೊಳೆಯ ರಸ್ತೆ ಹಿಡಿದ. ಮದುವೆಯಾದ ದಿನದಿಂದಲೂ ಈ ಅತ್ತೆ ತನ್ನ ಒಂದು ಮಾತನ್ನಾದರೂ ಕೇಳಬಾರದೇ ಎಂದು ಹಂಬಲಿಸಿದ್ದವನು ಈಗ ಹೆಲ್ಮೆಟ್ಟಿನೊಳಗೆ ಗೊಣಗುತ್ತಿದ್ದ: ಕೇಳಿರಬೇಡಿ ಅತ್ತೆ. ಇವನೇನು ಹೇಳೋದು ಅಂತ ಎಲ್ಲಾದ್ರೂ ನಿಂತ್ಬಿಟ್ಟಿರಿ. ಮನೆಗಾದ್ರೂ ಹೋಗ್ಬಿಟ್ಟಿರಿ. ಇದೊಂದು ಕೇಳ್ತೀನಿ ಎಂದಾಗಿನ ಅವರ ಮುಖ ನೆನಪಾಗಿ, ಕೇಳಿಯೇ ಇರುತ್ತಾರೆ ಎನಿಸಿ, ಇನ್ನಷ್ಟು ವೇಗ ಕೊಟ್ಟ.

ಎದುರಿನಿಂದ ಒಂದು ವ್ಯಾನು ಬಂತು. ಚಾಲಕ ವೇಗ ತಗ್ಗಿಸದೆ ಕಿಟಕಿಯಿಂದ ಕೈ ಹೊರಹಾಕಿ ಕೂಗಿದ: “ಆ ಕಡೆ ಹೋಗ್ಬೇಡಿ! ಸೇತುವೆ ಹತ್ರ ಒಬ್ರು ಹೆಂಗಸು...” ಮಿಕ್ಕದ್ದು ಗಾಳಿಗೆ ಹೋಯಿತು. ಹೆಂಗಸು ಏನು? ಹೆಂಗಸಿಗೆ ಏನಾಯಿತು? ಕನ್ನಡಿಯಲ್ಲಿ ವ್ಯಾನು ಚಿಕ್ಕದಾಗಿ ಮಂಜಿನಲ್ಲಿ ಕರಗಿತು.

ರಸ್ತೆ ಏರಿತು. ಏರಿನ ಕೊನೆಗೆ ಬಲಕ್ಕೆ ಮಣ್ಣಿನ ಬದಲಿ ದಾರಿ. ದಾರಿ ತೋರಿಸುವ ಫಲಕ ಚರಂಡಿಯೊಳಗೆ ಮಕಾಡೆ ಬಿದ್ದಿತ್ತು. ಎದುರಿಗೆ ಸೇತುವೆಯ ಬಾಯಿ, ಅದರಾಚೆ ಬರೀ ಬಿಳುಪು. ಆ ಬಾಯಿಗೆ ಅಡ್ಡಲಾಗಿ ಮಾವನ ಬೈಕು ದೀಪ ಉರಿಸಿಕೊಂಡು ನಿಂತಿತ್ತು. ಬೈಕಿನ ಪಕ್ಕದಲ್ಲಿ, ಹೆಲ್ಮೆಟ್ಟು ತೊಟ್ಟೇ, ಎಡಗೈಯನ್ನು ಮಣ್ಣುದಾರಿಯ ಕಡೆ ನೆಟ್ಟಗೆ ಚಾಚಿಕೊಂಡು ಅತ್ತೆ.

ಕತ್ತರಿ ಬೈಕನ್ನು ನಿಲ್ಲಿಸಿದನೋ ಬೀಳಿಸಿದನೋ, ಓಡಿದ. ಕಾಂಕ್ರೀಟಿನ ಮೇಲೆ ಚಕ್ರ ಎಳೆದ ಕಪ್ಪು ಗೆರೆಯೊಂದು ಸೇತುವೆಯ ಕೊನೆಯತನಕ ಹೋಗಿ, ಇನ್ನೊಂದು ಮೊಳ ಉಳಿದಿರುವಾಗ ನಿಂತಿತ್ತು. ಗೆರೆಯಾಚೆ ಕಬ್ಬಿಣದ ಕಂಬಿಗಳು. ಕೆಳಗೆ ನೀರಿನ ಸದ್ದು.

“ಅತ್ತೆ!”

“ನೀವು ಹೇಳಿದ್ರಲ್ಲ, ಆಳಿಲ್ದಿದ್ರೆ ನೇರ ಅಂತ.” ದನಿ ಸಣ್ಣಗಿತ್ತು. “ನೇರ ಬಂದೆ. ಇಲ್ಲಿ ನೇರಾನೇ ಮುಗಿದುಹೋಯ್ತು.”

“ಫೋನು...”

“ಬೈಕಿನ ಡಬ್ಬೀಲಿದೆ. ತೆಗೆಯೋಕೆ ಕೈಗೆಲ್ಲಿ ಬಿಡುವು? ಹಿಂದಿನೋರೂ ಹೀಗೇ ಬಂದ್ಬಿಟ್ರೆ? ಒಂದು ವ್ಯಾನು ಬಂದೇ ಬಂತು, ತಡೆದೆ. ಮಣ್ಣುದಾರೀಲಿ ಆಗಲ್ಲ ಅಂತ ವಾಪಸ್ ಹೋಯ್ತು.” ಅವನ ಹಿಂದೆ ನೋಡಿದರು. “ಕಿತ್ತಳೆ ಜಾಕೆಟ್ಟು ಎಲ್ಲಿ?”

“ನಾನು ಬಂದಿದೀನಲ್ಲ ಅತ್ತೆ. ಕೈ ಇಳಿಸಿ.”

“ಇಳೀತಿಲ್ಲ ಅಳಿಯಂದಿರೇ.”

ನಿಜವಾಗಿ ಇಳಿಯುತ್ತಿರಲಿಲ್ಲ. ಭುಜದಿಂದ ಬೆರಳತುದಿಯತನಕ ಕೈ ಸೆಟೆದುಹೋಗಿತ್ತು. ಊರಿನವರ ತಲೆಯನ್ನೆಲ್ಲ ಮುಟ್ಟಿದ್ದ ಕತ್ತರಿ ಅತ್ತೆಯ ಕೈಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಈಗ ಒಂದು ಅಂಗೈಯನ್ನು ಅವರ ಮೊಣಕೈಗೆ ಆನಿಸಿ, ಇನ್ನೊಂದರ ಹೆಬ್ಬೆರಳಿನಿಂದ ಅಂಗಡಿಯಲ್ಲಿ ಗಿರಾಕಿಗಳಿಗೆ ಮಾಡುವ ಹಾಗೆ ಭುಜದ ಗಂಟನ್ನು ಮೆಲ್ಲಗೆ ಒತ್ತಿದ. ಒತ್ತುತ್ತಲೇ ಹೇಳಿದ:

“ನಾನು ಜಾಗ ಬಿಟ್ಟೆ. ನಿಮ್ಮನ್ನ ನೋಡಿರ್ಲಿಲ್ಲ. ಜಾಕೆಟ್ಟು ನೋಡಿ ಹೊರಟೆ. ಅದರೊಳಗೆ ಮದುಮಗ ಇದ್ದ.”

ಅತ್ತೆಯ ಕೈ ಸ್ವಲ್ಪಸ್ವಲ್ಪವಾಗಿ ಇಳಿದು ಪಕ್ಕಕ್ಕೆ ಬಂತು. ಆಮೇಲೆ ಹೆಲ್ಮೆಟ್ಟಿನೊಳಗಿಂದ, “ಒಂದೇ ಒಂದು ಮಾತು ಕೇಳಿದ್ದೆ ನಿಮ್ಮದು” ಎಂದರು.

ಅವನು ಚರಂಡಿಯ ಕಡೆ ನಡೆದ.

ಚರಂಡಿಯಿಂದ ಫಲಕವನ್ನು ಇಬ್ಬರೂ ಎಳೆದು ತಂದು ಸೇತುವೆಯ ಬಾಯಿಗೆ ಅಡ್ಡ ನಿಲ್ಲಿಸಿ, ಕಲ್ಲು ಆನಿಸಿದರು. ಹೊರಡುವಾಗ ಅತ್ತೆ ಕಿಕ್ ಹೊಡೆದರು, ಕಾಲು ಜಾರಿತು, ಮತ್ತೆ ಹೊಡೆದರು. “ನಾನು ಮುಂದೆ. ನೀವು ಹಿಂದೆ ಬನ್ನಿ” ಎಂದರು. ಅವನು ಹಿಂದೆಯೇ ಹೋದ.

ಬಂಕಿನ ತಿರುವಿನಲ್ಲಿ ಗುಂಪು ಕಾಯುತ್ತಿತ್ತು. ಬಾಲಣ್ಣ ಜಾಕೆಟ್ಟನ್ನು ಕತ್ತಿನತನಕ ಬಿಗಿದುಕೊಂಡು, ಹೆಲ್ಮೆಟ್ಟು ತೊಟ್ಟು, ಕೈ ಚಾಚಿ ನಿಂತಿದ್ದ. ಅತ್ತೆ ಅವನ ಮುಂದೆ ಬೈಕು ನಿಲ್ಲಿಸಿದರು.

“ಹೋಗಿ ಅಮ್ಮ, ಹೋಗಿ. ನಾನೇ ಇದೀನಿ.”

ಅತ್ತೆ ಕದಲಲಿಲ್ಲ.

“ಹೆಲ್ಮೆಟ್ ತೆಗೀರಿ” ಎಂದರು. “ಮುಖ ತೋರ್ಸಿ.”

ಬಾಲಣ್ಣ ತೆಗೆದು ತೋರಿಸಿದ. ಅತ್ತೆ ಸಾಕಷ್ಟು ಹೊತ್ತು ನೋಡಿ, ಹಿಂದೆ ತಿರುಗಿದರು. ಕತ್ತರಿ ಹೇಳಿಸಿಕೊಳ್ಳದೆಯೇ ತನ್ನ ಹೆಲ್ಮೆಟ್ಟಿಗೂ ಕೈ ಹಾಕಿದ.