ವಿಯೆನ್ನಾದ ಟ್ರಾಮ್ ನಿಲ್ದಾಣದಲ್ಲಿ ಕಂಡವಳು

ಒಮಾನಿನ ಬರ್ಕಾದ ಮೀನು ಮಾರ್ಕೆಟಿನಿಂದ ಎರಡು ತಿರುವು ಈಚೆಗೆ, ಕನ್ನಡಕದ ಅಂಗಡಿಯ ಮೇಲಿರುವ ಟ್ರಾವೆಲ್ ಆಫೀಸಿನಲ್ಲಿ ಕ್ರಿಸ್ಟಲ್ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಊರು ಉಡುಪಿ ಕಡೆಯ ಶಿರ್ವ. ಯುರೋಪಿನ ಟೂರುಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು. ಹೋಗಿಬಂದವರನ್ನು ಕೂರಿಸಿ, ಚಹಾ ತರಿಸಿ, ಹೇಗಿತ್ತು ಏನಿತ್ತು ಎಂದು ಕೇಳಿ ಬರೆದುಕೊಳ್ಳುವುದು ಅವಳ ರೂಢಿ. ಪ್ಯಾರಿಸ್ಸಿನ ಮಾತು, ರೋಮಿನ ಮಾತು ಅರ್ಧ ಕಿವಿಯಲ್ಲಿ ಬೀಳುತ್ತಿತ್ತು. ವಿಯೆನ್ನಾದಿಂದ ಬಂದವರು ಬಾಯಿ ತೆರೆದರೆ ಮಾತ್ರ ಪೆನ್ನು ಕೆಳಗಿಟ್ಟು ಕೇಳುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಅವಳ ಅಕ್ಕ ಜೊವಿಟಾ ಇದೇ ಬರ್ಕಾದ ಒಂದು ದೊಡ್ಡ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ೨೦೦೯ರ ಜುಲೈಯಲ್ಲಿ ಆ ಮನೆಯವರು ಸೆಕೆ ತಪ್ಪಿಸಿಕೊಳ್ಳಲು ವಿಯೆನ್ನಾಕ್ಕೆ ಹೋದಾಗ ಅವಳನ್ನೂ ಕರೆದೊಯ್ದಿದ್ದರು. ಐದನೆಯ ದಿನ ಬೆಳಗ್ಗೆ ಮಕ್ಕಳಿಗೆ ಹಾಲು ತರಲು ಹೋಟೆಲಿನಿಂದ ಕೆಳಗಿಳಿದ ಜೊವಿಟಾ ಮರಳಲೇ ಇಲ್ಲ. ಮನೆಯವರು ಅವಳ ಪೆಟ್ಟಿಗೆಯನ್ನು ಮಾತ್ರ ವಾಪಸು ತಂದರು. ಓಡಿಹೋಗಿದ್ದಾಳೆ, ಯುರೋಪು ಕಂಡೊಡನೆ ಓಡಿಹೋಗುವ ಹುಡುಗಿಯರು ಬೇಕಾದಷ್ಟಿದ್ದಾರೆ ಎಂದರು. ಆಗ ಜೊವಿಟಾಗೆ ಇಪ್ಪತ್ತನಾಲ್ಕು, ಕ್ರಿಸ್ಟಲ್‌ಗೆ ಹದಿನೆಂಟು. ಅಕ್ಕನ ವಿಷಯವನ್ನು ಕ್ರಿಸ್ಟಲ್ ಗಿರಾಕಿಗಳ ಮುಂದೆ ಒಮ್ಮೆಯೂ ಎತ್ತಿದವಳಲ್ಲ. ಬರ್ಕಾದಲ್ಲಿ ಅದು ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ.

ಕಳೆದ ವರ್ಷ ಜನವರಿಯಲ್ಲಿ ಬಟ್ಟೆ ಅಂಗಡಿಯ ತೌಸೀಫ್ ಮತ್ತು ಅವನ ಹೆಂಡತಿ ಶಹನಾಝ್ ವಿಯೆನ್ನಾ ಮುಗಿಸಿ ಬಂದರು. ಇಬ್ಬರೂ ಬಂಟ್ವಾಳದ ಕಡೆಯವರು. ಖರ್ಜೂರದ ಡಬ್ಬಿ ಮೇಜಿನ ಮೇಲಿಟ್ಟು ಮಾತಿಗೆ ಕುಳಿತರು.

"ನಲ್ಲಿ ನೀರೇ ಕುಡಿಯುದು ಅಲ್ಲಿ," ಎಂದ ತೌಸೀಫ್. "ಬೆಟ್ಟದಿಂದ ಬರುದಂತೆ, ಐಸಿನ ಹಾಗೆ ಉಂಟು. ಮತ್ತೆ ರಸ್ತೆಯಲ್ಲಿ ಒಂದು ಕಾರಿಲ್ಲ, ಆದ್ರೂ ಕೆಂಪು ಲೈಟ್ ಇದ್ರೆ ಜನ ದಾಟುದಿಲ್ಲ. ಸುಮ್ಮನೆ ನಿಂತ್ಕೊಳ್ತಾರೆ."

"ಟ್ರಾಮಲ್ಲಿ ನಾಯಿ ಕೂಡ ಬೊಗಳುದಿಲ್ಲ ಮಾರಾಯ್ತಿ," ಎಂದು ಶಹನಾಝ್ ನಕ್ಕಳು. "ಅಷ್ಟು ಜನ ಇದ್ರೂ ಸದ್ದಿಲ್ಲ. ಎರಡು ದಿನ ಚಂದ ಕಂಡಿತು. ಮೂರನೇ ದಿನ ನನಗೆ ಒಂಥರಾ ಹೆದರಿಕೆ." ಆಮೇಲೆ ಏನೋ ನೆನಪಾದಂತೆ, "ಹಾಂ, ನಿಮ್ಮವಳೇ ಒಬ್ಬಳು ಸಿಕ್ಕಿದ್ದಳು. ಕಾಲುವೆ ಬದಿಯ ಟ್ರಾಮ್ ಸ್ಟಾಪಲ್ಲಿ. ಕೊಂಕಣಿಯಲ್ಲಿ ಕೇಳಿದ್ಳು, ನಿಮ್ಮನ್ನು ಕಳಿಸಿದ್ದು ಕ್ರಿಸ್ಟಲ್ ಅಲ್ವಾ ಅಂತ," ಎಂದಳು.

ಕ್ರಿಸ್ಟಲ್ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. "ಹೇಗಿದ್ದಳು?"

"ಸಣ್ಣ ಪ್ರಾಯ. ಇಪ್ಪತ್ತನಾಲ್ಕು, ಇಪ್ಪತ್ತೈದು. ತೆಳು ಚೂಡಿದಾರ, ಕಾಲಲ್ಲಿ ಬಾತ್‌ರೂಮ್ ಚಪ್ಪಲಿ. ಆ ಚಳಿಯಲ್ಲಿ ನಮ್ಮೆಲ್ಲರ ಬಾಯಿಂದ ಹೊಗೆ ಬರ್ತಾ ಇತ್ತು. ಅವಳು ಮಾತಾಡುವಾಗ ಬರ್ಲಿಲ್ಲ. ನಾನು ಅದನ್ನೇ ನೋಡ್ತಾ ನಿಂತೆ. ಅಷ್ಟರಲ್ಲಿ ಟ್ರಾಮ್ ಬಂತು."

ಕ್ರಿಸ್ಟಲ್ ಫೋನಿನಲ್ಲಿ ಒಂದು ಫೋಟೋ ತೆರೆದು ತೋರಿಸಿದಳು. ಶಹನಾಝ್ ನೋಡಿದ ಕೂಡಲೇ, "ಇವಳೇ. ಯಾವಾಗ ತೆಗೆದದ್ದು ಇದು?" ಎಂದು ಕೇಳಿದಳು.

"ಹದಿನಾರು ವರ್ಷ ಆಯ್ತು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಶಹನಾಝ್ ತಲೆಯ ಮೇಲಿನ ಶಾಲನ್ನು ಎಳೆದು ಸರಿಮಾಡಿಕೊಂಡಳು. ಚಹಾ ಪೂರ್ತಿ ಕುಡಿಯದೆಯೇ ಇಬ್ಬರೂ ಎದ್ದುಹೋದರು.

ಅದೇ ಕರಾವಳಿಯ ಸಹಮ್ ಪಟ್ಟಣದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಮ್ಯಾನೇಜರಾಗಿದ್ದ ಅಣ್ಣ ಜೋಸ್ಟನ್‌ಗೆ ಕ್ರಿಸ್ಟಲ್ ಕೂಡಲೇ ಫೋನು ಮಾಡಿದಳು. ಎಲ್ಲ ಕೇಳಿ ಅವನು, "ಯಾರೋ ಹೋಲುವವಳು ಇರಬೇಕು. ಜೊವಿಟಾ ಬದುಕಿದ್ದರೆ ಈಗ ಅವಳಿಗೆ ನಲವತ್ತಾಗುತ್ತದೆ, ನೆನಪಿಟ್ಟುಕೋ," ಎಂದ.

"ನನ್ನ ಹೆಸರು ಅವಳಿಗೆ ಹೇಗೆ ಗೊತ್ತು?"

ಜೋಸ್ಟನ್, ಗಿರಾಕಿ ಬಂದಿದ್ದಾರೆ ಎಂದು ಫೋನು ಇಟ್ಟ.

ಏಪ್ರಿಲಿನಲ್ಲಿ ರುಸ್ತಾಕಿನ ಶರೀಫಾ ಬಂದರು. ನಿವೃತ್ತ ಶಾಲಾ ಶಿಕ್ಷಕಿ, ಒಮಾನಿ ಹೆಂಗಸು. ಗಂಡನ ಕಣ್ಣಿನ ಚಿಕಿತ್ಸೆಗೆಂದು ಅವರು ವರ್ಷಕ್ಕೆರಡು ಸಲ ವಿಯೆನ್ನಾಕ್ಕೆ ಹೋಗುತ್ತಿದ್ದರು, ಟಿಕೆಟು ವೀಸಾ ಎಲ್ಲ ಕ್ರಿಸ್ಟಲ್‌ಳದ್ದೇ. ಇಂಗ್ಲಿಷಿನ ನಡುವೆ ಅರಬ್ಬಿ ಬೆರೆಸಿ ಮಾತಾಡುವ ಶಾಂತ ಸ್ವಭಾವದವರು. ಅಲ್ಲಿನ ಕಾಫಿಯನ್ನು ಬೆಳ್ಳಿಯ ತಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ತಂದಿಡುತ್ತಾರೆ, ಮಧ್ಯಾಹ್ನದವರೆಗೆ ಕುಳಿತರೂ ಯಾರೂ ಏಳು ಎನ್ನುವುದಿಲ್ಲ, ಭಾನುವಾರ ಮಾತ್ರ ಇಡೀ ಊರಿಗೆ ಬೀಗ ಹಾಕಿದಂತಿರುತ್ತದೆ ಎಂದೆಲ್ಲ ಹೇಳಿ, ಪರ್ಸಿನಿಂದ ಒಂದು ಚೀಟಿ ತೆಗೆದರು.

"ಟ್ರಾಮಿಗೆ ಕಾಯುವಾಗ ಒಬ್ಬಳು ಹುಡುಗಿ ಬಂದು ನನ್ನ ಕೈ ಹಿಡಿದುಕೊಂಡಳು, ಕ್ರಿಸ್ಟಲ್. ಒಂದೇ ಮಾತನ್ನು ಮೂರು ಸಲ ಹೇಳಿದಳು. ನಿಮ್ಮ ಹೆಸರೂ ಅದರಲ್ಲಿತ್ತು. ಉಳಿದದ್ದು ಯಾವ ಭಾಷೆಯೋ ತಿಳಿಯಲಿಲ್ಲ. ಮರೆಯಬಾರದೆಂದು ಕೇಳಿಸಿದ ಹಾಗೆ ಬರೆದುಕೊಂಡೆ."

ಅರಬ್ಬಿ ಅಕ್ಷರಗಳಲ್ಲಿ ಬರೆದದ್ದನ್ನು ಅವರು ಮಕ್ಕಳಿಗೆ ಉಕ್ತಲೇಖನ ಹೇಳುವಂತೆ ಬಿಡಿಸಿ ಬಿಡಿಸಿ ಓದಿದರು. "ಕ್ರಿಸ್ಟಲಾಕ್ ಸಾಂಗಾ, ಹಾಂವ್ ರಾಕೊನ್ ಆಸಾಂ."

ಕ್ರಿಸ್ಟಲ್‌ಗೆ ಹೇಳಿ, ನಾನು ಕಾಯುತ್ತಿದ್ದೇನೆ.

ಶಿರ್ವದ ಕೊಂಕಣಿ ರುಸ್ತಾಕಿನ ಆ ಹಿರಿಯ ಹೆಂಗಸಿನ ಬಾಯಿಂದ ಹೊರಬಂದಾಗ ಕ್ರಿಸ್ಟಲ್ ಚೀಟಿಗೆ ಕೈ ಚಾಚಿದಳು. ಅವಳ ಮುಖ ನೋಡಿ ಶರೀಫಾ ಗಾಬರಿಯಾದರು. "ಕೆಟ್ಟ ಮಾತೇ?"

"ಇಲ್ಲ ಟೀಚರ್. ಅವಳ ಕೈ ಹೇಗಿತ್ತು?"

ಶರೀಫಾ ತಮ್ಮ ಅಂಗೈಯನ್ನು ನೋಡಿಕೊಂಡರು. "ಒದ್ದೆಯಾಗಿತ್ತು," ಎಂದರು.

ಕ್ರಿಸ್ಟಲ್ ರಜೆ ಹಾಕಿದಳು. ಜೋಸ್ಟನ್ ಬೇಡವೆಂದ, ಬೈದ, ಕೊನೆಗೆ ತಾನೇ ಮಸ್ಕತ್ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದ. ಜುಲೈಯಲ್ಲಿ ಅವಳು ಆ ಊರನ್ನು ಮೊದಲ ಸಲ ಕಂಡಳು. ನೂರಾರು ಜನರಿಗೆ ದಾರಿ ಹೇಳಿಕೊಟ್ಟಿದ್ದ ಊರು. ಬೀದಿಗಳು, ಟ್ರಾಮಿನ ನಂಬರುಗಳು, ಬ್ರೆಡ್ಡಿನ ಅಂಗಡಿ ಎಲ್ಲ ಹೇಳಿದಲ್ಲಿಯೇ ಇದ್ದವು. ಸಂಜೆ ಒಂಬತ್ತಾದರೂ ಬೆಳಕು ಆರುತ್ತಿರಲಿಲ್ಲ. ಪೊಲೀಸ್ ಠಾಣೆಯಲ್ಲಿ ಒಬ್ಬ ಸಭ್ಯ ಅಧಿಕಾರಿ ಕಂಪ್ಯೂಟರ್ ನೋಡಿ, ಆ ಹೆಸರಿನವರು ಸತ್ತ ದಾಖಲೆಯಿಲ್ಲ, ಇದ್ದ ದಾಖಲೆಯೂ ಇಲ್ಲ ಎಂದ. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಅವಳು ಕಾಲುವೆ ಬದಿಯ ನಿಲ್ದಾಣದಲ್ಲಿ ನಿಂತಳು. ನಾಯಿ ಹಿಡಿದ ಮುದುಕಿಯರು ಬಂದರು, ಹೋದರು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಒಂದೆರಡು ಸಲ ಎಡಭುಜಕ್ಕೆ ತಣ್ಣನೆ ಗಾಳಿ ತಾಗಿದಂತಾಗಿ ತಿರುಗಿ ನೋಡಿದ್ದಳು. ಅಲ್ಲಿ ಬೆಂಚು ಬಿಟ್ಟರೆ ಏನೂ ಇರಲಿಲ್ಲ.

ಬರ್ಕಾಕ್ಕೆ ಮರಳಿದ ಮೇಲೆ ಅವಳಿಗೆ ಒಂದು ಬಗೆಯ ಸಮಾಧಾನವೇ ಆಗಿತ್ತು. ನೋಡಿದ್ದಾಯಿತು, ಇಲ್ಲ ಎಂದು ತಿಳಿಯಿತು, ಇನ್ನು ಮನಸ್ಸಿಗೆ ಹೇಳಿಕೊಳ್ಳಬಹುದು ಎಂದುಕೊಂಡಳು. ವಿಯೆನ್ನಾದಿಂದ ಮರಳಿದ ಬೇರೆ ಇಬ್ಬರು ಗಿರಾಕಿಗಳೂ ಅಂಥದ್ದೇನೂ ಹೇಳಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಶರೀಫಾ ಮತ್ತೆ ಬಂದರು. ಈ ಸಲ ಊರಿನ ಸುದ್ದಿ ಹೇಳಲಿಲ್ಲ, ಗಂಡನ ಕಣ್ಣಿನ ಸುದ್ದಿಯನ್ನೂ ಹೇಳಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕುಳಿತರು.

"ಆ ಹುಡುಗಿ ಅಲ್ಲೇ ಇದ್ದಾಳೆ. ಅಳುತ್ತಿದ್ದಳು. ಹೇಳಲೋ ಬೇಡವೋ ಎಂದು ಎರಡು ವಾರ ಯೋಚಿಸಿದೆ."

"ಹೇಳಿ ಟೀಚರ್."

ಈ ಸಲ ಅವರು ಬರೆದುಕೊಂಡಿರಲಿಲ್ಲ, ಬಾಯಿಪಾಠ ಮಾಡಿಕೊಂಡಿದ್ದರು. ಕಣ್ಣು ಮುಚ್ಚಿ ಒಂದೊಂದೇ ಶಬ್ದ ಹೇಳಿದರು. "ತೀನ್ ದೀಸ್ ಮ್ಹಜ್ಯಾ ಕುಶಿಕ್ ರಾವ್ಲೆಂ. ಉಲಯ್ಲೆಂ ನಾ."

ಮೂರು ದಿನ ನನ್ನ ಪಕ್ಕದಲ್ಲೇ ನಿಂತಳು. ಮಾತಾಡಲಿಲ್ಲ.

ಕ್ರಿಸ್ಟಲ್ ತಲೆ ತಗ್ಗಿಸಿದಳು. ಶರೀಫಾ ಅರ್ಥ ಕೇಳಲಿಲ್ಲ. ಎದ್ದು ಬಂದು ಅವಳ ತಲೆಯನ್ನು ತಮ್ಮ ಎದೆಗೊತ್ತಿಕೊಂಡು ನಿಂತರು. ಕೆಳಗೆ ರಸ್ತೆಯಲ್ಲಿ ಮೀನಿನ ಪಿಕಪ್‌ಗಳು ಹಾರ್ನ್ ಹಾಕುತ್ತಿದ್ದವು.

ಆ ವಾರ ಅವಳು ಸಹಮ್‌ಗೆ ಹೋಗಿ ಅಣ್ಣನಿಗೆ ನಡೆದದ್ದನ್ನು ಹೇಳಿದಳು. ಜೋಸ್ಟನ್ ಈ ಸಲ ವಾದ ಮಾಡಲಿಲ್ಲ. ಮೂರು ದಿನ ಅಲ್ಲಿ ನಿಂತ ಮಾತನ್ನು ಅವಳು ತನಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. "ಚರ್ಚಿನಲ್ಲಿ ಒಂದು ಪೂಜೆ ಇಡೋಣ," ಎಂದಷ್ಟೇ ಅಂದ.

ರಜೆಯ ದಿನವಾದ ಶುಕ್ರವಾರ ಇಬ್ಬರೂ ಹತ್ತಿರದ ಸೊಹಾರಿನ ಚರ್ಚಿಗೆ ಹೋದರು. ಪೂಜೆಯ ಕೋರಿಕೆ ಬರೆದುಕೊಳ್ಳುವ ಮೇಜಿನಲ್ಲಿ ಬೀಟ್ರಿಸ್ ಎಂಬ ವಯಸ್ಸಾದ ಹೆಂಗಸು ಕುಳಿತಿದ್ದರು. ಜೊವಿಟಾಳ ಹೆಸರನ್ನು ಪುಸ್ತಕದಲ್ಲಿ ಬರೆದು ತಲೆಯೆತ್ತಿದರು.

"ಬದುಕಿರುವವರಿಗೋ, ತೀರಿಹೋದವರಿಗೋ? ಕಾಲಂ ಬೇರೆ ಬೇರೆ ಉಂಟು."

ಜೋಸ್ಟನ್ ತಂಗಿಯ ಕಡೆ ನೋಡಿದ.

"ಎರಡೂ ಬರೆಯುವುದು ಬೇಡ," ಎಂದಳು ಕ್ರಿಸ್ಟಲ್. "ಫಾದರ್ ಹೆಸರು ಮಾತ್ರ ಓದಲಿ. ಗಟ್ಟಿಯಾಗಿ ಓದಲು ಹೇಳಿ."