ಮೀನಿನ ಮುಖ ಯಾರ ಕಡೆಗೆ

ಹೇಳಿದವರು ಹಲವರು, ಕೇಳಿದವರು ಇನ್ನೂ ಹಲವರು. ಒಬ್ಬರ ಬಾಯಲ್ಲಿ ಮೊಳದುದ್ದವಿದ್ದ ಮೀನು ಇನ್ನೊಬ್ಬರ ಬಾಯಿಗೆ ಬರುವಷ್ಟರಲ್ಲಿ ಮಾರುದ್ದ ಬೆಳೆದಿರುತ್ತದೆ. ಆದರೆ ಬುಟ್ಟಿಯಮ್ಮ ವಿಮಾನ ಹತ್ತಿ ಹೊರದೇಶದ ಕಡಲತೀರಕ್ಕೆ ಹೋದಳು, ಅಲ್ಲಿ ಬಾಯಿ ಬಿಡದೆಯೇ ಒಂದು ಮಾತು ಆಡಿದಳು ಎಂಬಷ್ಟರ ಮಟ್ಟಿಗೆ ಎಲ್ಲರದೂ ಒಂದೇ ಕತೆ.

ನಲವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳಾದ್ದರಿಂದ ಅವಳಿಗೆ ಆ ಹೆಸರು. ಈಚೆಗೆ ಬುಟ್ಟಿ ಇಳಿಸಿ, ಪೇಟೆಯ ಮೀನುಕಟ್ಟೆಯ ಕಲ್ಲುಹಾಸಿನ ಮೇಲೆ ಕೂತು ಮಾರುತ್ತಿದ್ದಳು. ಕುತ್ತಿಗೆ ಮಾತ್ರ ಇನ್ನೂ ಭಾರ ಹೊತ್ತಂತೆಯೇ ನೆಟ್ಟಗಿತ್ತು. ಒಬ್ಬಳೇ ಮಗಳನ್ನು ಓದಿಸಿ ಒಳ್ಳೆಯ ಮನೆಗೆ ಕೊಟ್ಟಿದ್ದಳು. ಅಳಿಯನ ತಾಯಿ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಊರಿಗೆಲ್ಲ ಅವರು ಹೆಡ್ಮಿಸ್ಸು. ನಿವೃತ್ತರಾದದ್ದು ಶಾಲೆಯಿಂದಲೇ ಹೊರತು ಹೆಡ್ಮಿಸ್ಸುತನದಿಂದಲ್ಲ. ಅವರ ಮನೆಯಲ್ಲಿ ಉಪ್ಪಿನ ಡಬ್ಬಿಯೂ ಅಪ್ಪಣೆ ಕೇಳಿ ಮುಚ್ಚಿಕೊಳ್ಳುತ್ತಿತ್ತು ಎಂದು ಹೇಳುವವರಿದ್ದಾರೆ.

ಆ ವರ್ಷ ಹೆಡ್ಮಿಸ್ಸಿಗೆ ಅರವತ್ತು ತುಂಬುವುದಿತ್ತು. ಸೊಸೆಗೆ ಐದು ತಿಂಗಳು. ಬಸುರಿಯ ಬಯಕೆಯೆಲ್ಲ ಮೀನಿನ ಮೇಲೆ. ಎರಡಕ್ಕೂ ಒಂದೇ ಮದ್ದೆಂದು ಮಗ ಹೊರದೇಶದ ಕಡಲ ದಂಡೆಯ ರೆಸಾರ್ಟೊಂದರಲ್ಲಿ ನಾಲ್ಕು ದಿನಕ್ಕೆ ಕೋಣೆ ಗೊತ್ತುಮಾಡಿದ.

"ಬೀಗಿತ್ತಿಯವರೂ ಬರಲಿ," ಎಂದರು ಹೆಡ್ಮಿಸ್ಸು. "ಪಾಪ, ಇಷ್ಟು ವರ್ಷ ಮೀನು ಮಾರಿದ್ದಾರೆ. ಮೇಜಿನ ಮುಂದೆ ಕೂತು ತಿನ್ನೋದು ಹೇಗೆ ಅಂತ ಒಂದ್ಸಲ ನೋಡಲಿ."

ಹೊರಡುವ ಮುನ್ನ ಮಗಳು ತಾಯಿಯನ್ನು ಮೂಲೆಗೆ ಕರೆದಳು. "ಅಮ್ಮ, ಅಲ್ಲಿ ಮೀನು ಕಂಡ ಕೂಡ್ಲೇ ಕಿವಿರು ಎತ್ತಿ ನೋಡ್ಬೇಡ."

"ನೋಡಲ್ಲ."

"ಬಗ್ಗಿ ಮೂಸ್ಬೇಡ."

"ಉಸಿರಾದ್ರೂ ಆಡ್ಬಹುದೇನೇ?"

"ಅತ್ತೆ ಏನಂದ್ರೂ ಸುಮ್ನಿರು. ಅವರ ಅರವತ್ತು, ಅವರ ಖುಷಿ."

"ಆಯ್ತು ಕಣೇ," ಎಂದಳು ಬುಟ್ಟಿಯಮ್ಮ. ಬಸುರಿ ಮಗಳಿಗೆ ಕೊಟ್ಟ ಮಾತು ಕಲ್ಲಿನ ಮೇಲೆ ಬರೆದ ಹಾಗೆ.

ಮೊದಲ ದಿನ ಮರಳಿನ ಮೇಲೆಯೇ ಮೇಜು ಹಾಕಿದ್ದ ಒಂದು ಸಣ್ಣ ಹೋಟೆಲಿಗೆ ಹೋದರು. ಹೆಡ್ಮಿಸ್ಸು ತಿಂಡಿಪಟ್ಟಿಯನ್ನು ಹಾಜರಿ ಪುಸ್ತಕದಂತೆ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿ ಏಡಿ ತರಿಸಿದರು. ಏಡಿಯ ಜೊತೆಗೆ ಚಿಪ್ಪು ಒಡೆಯುವ ಇಕ್ಕಳವೂ ಬಂತು. ಬುಟ್ಟಿಯಮ್ಮ ಇಕ್ಕಳವನ್ನು ಪಕ್ಕಕ್ಕೆ ಸರಿಸಿ, ಎರಡು ಬೆರಳಿನಲ್ಲಿ ಏಡಿಯ ಕಾಲು ಮುರಿದು, ಇಡೀ ತಿರುಳನ್ನು ಮಗಳ ತಟ್ಟೆಗೆ ಜಾರಿಸಿದಳು.

"ಬೀಗಿತ್ತಿಯವರೇ, ಅದಕ್ಕೆ ಸಲಕರಣೆ ಕೊಟ್ಟಿದ್ದಾರೆ," ಎಂದರು ಹೆಡ್ಮಿಸ್ಸು.

"ನಂಗೆ ಹುಟ್ಟುವಾಗಲೇ ಕೊಟ್ಟಿದ್ರು, ಹತ್ತು."

ಹೆಡ್ಮಿಸ್ಸು ಪಾಠ ಹೇಳಿಕೊಡುವ ಠೀವಿಯಲ್ಲಿ ಇಕ್ಕಳ ಅಮುಕಿದರು. ಏಡಿಯ ಕಾಲು ಹಾರಿ, ಪಕ್ಕದ ಮೇಜಿನ ದಢೂತಿ ಮನುಷ್ಯನ ಪಾನಕದ ಲೋಟದಲ್ಲಿ ಮುಳುಗಿತು. ಆತ ಲೋಟವನ್ನೂ ಆಕಾಶವನ್ನೂ ಬಾರಿಬಾರಿಗೆ ನೋಡಿದ. ಹೆಡ್ಮಿಸ್ಸು ಈ ಜನ್ಮದಲ್ಲಿ ಏಡಿಯನ್ನೇ ಕಾಣದವರಂತೆ ಸಮುದ್ರದ ಕಡೆ ಮುಖ ಮಾಡಿದರು. ಬುಟ್ಟಿಯಮ್ಮ ನಗಲಿಲ್ಲ, ಕೊಟ್ಟ ಮಾತು ನೆನಪಿತ್ತು. ಸೆರಗಿನ ತುದಿ ಮಾತ್ರ ಸಂಜೆಯವರೆಗೂ ಬಾಯಲ್ಲೇ ಇತ್ತು.

ಮೂರನೆಯ ದಿನ ಹುಟ್ಟುಹಬ್ಬದ ಊಟ, ರೆಸಾರ್ಟಿನ ದೊಡ್ಡ ಊಟದಮನೆಯಲ್ಲಿ. ಬಾಗಿಲಲ್ಲೇ ಒಂದು ಇಳಿಜಾರು ಹಲಗೆ. ಅದರ ತುಂಬ ಪುಡಿ ಐಸು. ಐಸಿನ ಮೇಲೆ ಗಿರಾಕಿಗಳಿಗೆ ಮುಖ ಕೊಟ್ಟು ಸಾಲಾಗಿ ಮಲಗಿದ ಮೀನುಗಳು. ಬೇಕಾದುದನ್ನು ತೋರಿಸಿದರೆ ಅದಕ್ಕೆ ಕೋಣೆಯ ಸಂಖ್ಯೆ ಬರೆದ ಚೀಟಿ ಸಿಕ್ಕಿಸುತ್ತಾರೆ. ಸರದಿ ಬಂದಾಗ ಒಳಗಿನವರು ಬಂದು ಒಯ್ದು, ಹೆರೆದು, ಕೆಂಡದ ಮೇಲಿಡುತ್ತಾರೆ. ಹಲಗೆಯ ಹಿಂದೆ ಬಿಳಿ ಕೈಗವಸು ತೊಟ್ಟ, ಮೀಸೆ ತೀಡಿದ ಒಬ್ಬ ಉಸ್ತುವಾರಿ ನಿಂತಿದ್ದ.

ಹೆಡ್ಮಿಸ್ಸು ಸಾಲಿನ ಮುಂದೆ ಶಾಲೆಯ ತಪಾಸಣೆಗೆ ಬಂದವರಂತೆ ನಡೆದು, ಎಲ್ಲಕ್ಕಿಂತ ದೊಡ್ಡದಾದ ಒಂದು ಕೆಂಪು ಮೀನಿಗೆ ಬೆರಳು ಚಾಚಿದರು. ಅದರ ಪಕ್ಕ ನಿಂತು ಮಗನ ಕೈಯಲ್ಲಿ ಫೋಟೋ ತೆಗೆಸಿಕೊಂಡರು.

"ನೋಡಿ ಬೀಗಿತ್ತಿಯವರೇ, ಹೇಗಿದೆ ನನ್ನ ಆಯ್ಕೆ? ಇದರ ತಲೆ ಸೊಸೆಗೆ. ಬಸುರಿಗೆ ತಲೆಯ ತಿರುಳು ಒಳ್ಳೇದು."

ಬುಟ್ಟಿಯಮ್ಮ ನೋಡಿದಳು. ಕಿವಿರು ಎತ್ತಲಿಲ್ಲ, ಮೂಸಲಿಲ್ಲ, ಮಾತಿನಂತೆ ನಡೆದುಕೊಂಡಳು. ಆದರೆ ಕಣ್ಣಿಗೆ ಆಣೆ ಹಾಕಿರಲಿಲ್ಲವಲ್ಲ. ಮೈಮೇಲೆ ಎಳೆ ಬಿಡುವ ಲೋಳೆ. ಹೊಟ್ಟೆಯ ಕೆಳಗೆ ಐಸು ಕರಗಿ ಕಂದು ನೀರು. ಎಲ್ಲಕ್ಕಿಂತ ಮಿಗಿಲಾಗಿ, ಮೀನಿನ ಕಣ್ಣಿನ ಮೇಲೆ ಸರಿಯಾಗಿ ಒಂದು ನಿಂಬೆಹೋಳು, ಅಲಂಕಾರಕ್ಕೆಂಬಂತೆ. ಅವಳ ಮೀನುಕಟ್ಟೆಯಲ್ಲಿ ನಿಂಬೆಯ ಬದಲು ಎಲೆ ಇಡುತ್ತಾರೆ, ಅಷ್ಟೇ ವ್ಯತ್ಯಾಸ. ಮುಚ್ಚಿದ ಕಣ್ಣು ಗುಳಿಬಿದ್ದ ಕಣ್ಣು ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಅದು ನೀರು ಬಿಟ್ಟು ಮೂರು ದಿನವಾಗಿತ್ತು.

ಹಾಗಾದರೆ ಬಾಯಿಬಿಟ್ಟು ಹೇಳಬಾರದೆ ಎಂದು ಕೇಳುವವರು ಕೇಳುತ್ತಾರೆ. ಮೀನುಕಟ್ಟೆಯಲ್ಲಿ ಎಲ್ಲೂ ಬರೆಯದ ಒಂದು ಕಟ್ಟಳೆಯಿದೆ: ಗಿರಾಕಿ ಎದುರಿಗಿರುವಾಗ ಇನ್ನೊಬ್ಬರ ಬುಟ್ಟಿಯನ್ನು ಹಳಿಯಬಾರದು. ಇಂದು ನೀನು ಅವಳ ಮೀನಿಗೆ ಮೂಗು ಮುಚ್ಚಿದರೆ ನಾಳೆ ಅವಳು ನಿನ್ನದಕ್ಕೆ ಮುಚ್ಚುತ್ತಾಳೆ. ಮೂಗುಗಳೆಲ್ಲ ಮುಚ್ಚಿದ ಮೇಲೆ ಕಟ್ಟೆಯೇ ಮುಚ್ಚುತ್ತದೆ. ಹಾಗೆಂದು ಹಳಸಿದ್ದು ಗಿರಾಕಿಯ ಹೊಟ್ಟೆಗೆ ಹೋಗಲೂ ಬಾರದು. ಅದಕ್ಕೆ ಒಂದು ಸನ್ನೆ. ಮೀನುಗಳ ಮುಖವೆಲ್ಲ ಗಿರಾಕಿಯ ಕಡೆಗಿರುತ್ತದಷ್ಟೆ. ಹಾದುಹೋಗುವ ಇನ್ನೊಬ್ಬ ಮಾರುವವಳು ಆ ಕೆಟ್ಟ ಮೀನೊಂದನ್ನು ಮಾತ್ರ ತಿರುಗಿಸಿ, ಅದರ ಮುಖವನ್ನು ಒಡತಿಯ ಕಡೆಗೆ ಮಾಡಿಡುತ್ತಾಳೆ. ಇದರ ಮುಖ ನೀನೇ ನೋಡಿಕೋ ಎಂದರ್ಥ. ಒಡತಿ ತುಟಿ ಪಿಟಕ್ಕೆನ್ನದೆ ಅದನ್ನು ಒಳಗಿಡುತ್ತಾಳೆ. ನಲವತ್ತು ವರ್ಷದಲ್ಲಿ ಬುಟ್ಟಿಯಮ್ಮ ಈ ಕಟ್ಟಳೆಯನ್ನು ಒಮ್ಮೆಯೂ ಮುರಿದವಳಲ್ಲ.

ಮಿಕ್ಕವರು ಮೇಜಿಗೆ ಹೋದರು. ಬುಟ್ಟಿಯಮ್ಮ ಹಿಂದುಳಿದು, ಚಪ್ಪಲಿಯ ಮರಳು ಕೊಡವುವ ನೆಪದಲ್ಲಿ ಬಾಗಿ, ಮೀನನ್ನು ಮೆಲ್ಲಗೆ ತಿರುಗಿಸಿದಳು. ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಬೇರೆ ಗಿರಾಕಿಯ ಕಡೆಗಿದ್ದ ಉಸ್ತುವಾರಿ ಇತ್ತ ತಿರುಗಿದ. ಸಾಲು ಕೆಟ್ಟದ್ದನ್ನು ಕಂಡು, ಎರಡು ಬೆರಳಿನಲ್ಲಿ ಮೀನನ್ನು ಮೊದಲಿನಂತೆ ತಿರುಗಿಸಿ, ನಿಂಬೆಹೋಳು ಸರಿಪಡಿಸಿ, ಮೀಸೆ ತೀಡಿಕೊಂಡ.

ಬುಟ್ಟಿಯಮ್ಮ ಮತ್ತೆ ತಿರುಗಿಸಿದಳು. ಅವನು ಮತ್ತೆ ಸರಿಮಾಡಿದ. ಇದು ಏಳು ಸಲ ನಡೆಯಿತೆಂದು ಹೇಳುವವರಿದ್ದಾರೆ. ಅಷ್ಟಾಗಿದ್ದರೆ ಮೀನಿಗೇ ತಲೆ ಸುತ್ತಿ ಅದು ಎದ್ದು ನಡೆದುಬಿಡುತ್ತಿತ್ತು. ಮೂರು ಸಲವೆಂಬುದೇ ನಂಬಲು ತಕ್ಕದ್ದು. ಮೂರನೆಯ ಸಲ ಅವನು ಕೈಗವಸಿನ ಬೆರಳನ್ನು ಅವಳ ಮುಖದ ಮುಂದೆ ಆಡಿಸಿ ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ. ಅವನು ಅಂಗಡಿ ಕಾಯುವವನೇ ಹೊರತು ಮೀನಿನವನಲ್ಲ ಎಂದು ಅವಳಿಗೆ ಆಗಲೇ ಖಚಿತವಾದದ್ದು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

"ಬೀಗಿತ್ತಿಯವರೇ," ಎಂದು ಮೇಜಿನಿಂದ ಹೆಡ್ಮಿಸ್ಸಿನ ಗಂಟೆಯಂಥ ಸ್ವರ ಬಂತು, "ಅದು ನಿಮ್ಮ ಸಂತೆ ಅಲ್ಲ. ಬಂದು ಕೂತ್ಕೊಳ್ಳಿ."

"ಬಂದೆ ಬಂದೆ. ಕಾಲಿಗೆ ಮರಳು."

ಅಷ್ಟು ದೂರದಿಂದ ಮಗಳು ಎಲ್ಲವನ್ನೂ ನೋಡುತ್ತಿದ್ದಳು. ಕಲ್ಲುಹಾಸಿನ ಮೇಲೆ ಅಂಬೆಗಾಲಿಟ್ಟು ಬೆಳೆದವಳಿಗೆ ತಿರುಗಿದ ಮೀನಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಅದನ್ನು ಬುಟ್ಟಿಯಮ್ಮ ಕಂಡಳು. ಕಟ್ಟಳೆ ದೊಡ್ಡದು, ನಿಜ. ಆ ಹೊಟ್ಟೆಗಿಂತ ದೊಡ್ಡದಲ್ಲ. ಈಗ ಒಳಗಿನವರು ಬಂದು ಆ ಮೀನನ್ನೇ ಎತ್ತಿದರೆ, ಹೆಡ್ಮಿಸ್ಸಿನ ಅರವತ್ತೂ ಹೋಗಲಿ, ತನ್ನ ನಲವತ್ತೂ ಹೋಗಲಿ, ಕೂಗಿಯೇ ಬಿಡುವುದೆಂದು ಉಸಿರೆಳೆದುಕೊಂಡಳು. ಎಳೆದುಕೊಳ್ಳುತ್ತಲೇ ನಾಲ್ಕನೆಯ ಸಲ ಮೀನನ್ನು ತಿರುಗಿಸಿಟ್ಟಳು.

ಪರದೆ ಸರಿಯಿತು. ಮೊಣಕೈವರೆಗೆ ಮೀನಿನ ಹುರುಪೆ ಅಂಟಿಸಿಕೊಂಡ, ರಬ್ಬರಿನ ಬೂಟು ತೊಟ್ಟ ಮಧ್ಯವಯಸ್ಸಿನ ಹೆಂಗಸೊಬ್ಬಳು ಹೊರಬಂದಳು. ಒಳಗೆ ಮೀನು ಹೆರೆಯುವವಳು. ಚೀಟಿ ನೋಡಿ ಕೈ ಚಾಚಿದವಳು ತಡೆದು ನಿಂತಳು. ಸಾಲಿಗೆ ಸಾಲೇ ಗಿರಾಕಿಯ ಕಡೆ ನೋಡುತ್ತಿದೆ. ಇದೊಂದು ಮಾತ್ರ ತನ್ನನ್ನೇ ನೋಡುತ್ತಿದೆ. ಅವಳು ನಿಂಬೆಹೋಳು ಸರಿಸಿ ಕೆಳಗೆ ನೋಡಿದಳು. ಆಮೇಲೆ ಇದನ್ನು ಯಾರು ತಿರುಗಿಸಿದರೆಂದು ತಲೆಯೆತ್ತಿದಳು. ಎದುರಿಗೆ ಸೀರೆಯುಟ್ಟ ಮುದುಕಿ. ಹಲಗೆಯ ಅಂಚು ಹಿಡಿದ ಅವಳ ಎಡಗೈ ಹೆಬ್ಬೆರಳ ತುಂಬ ಈಜುರೆಕ್ಕೆಯ ಮುಳ್ಳು ಗೀರಿದ ಹಳೆಯ ಗಾಯದ ಗುರುತುಗಳು. ಅಂಥವೇ ಗುರುತುಗಳು ಹೆರೆಯುವವಳ ಹೆಬ್ಬೆರಳಿನಲ್ಲೂ ಇದ್ದವು. ಬೇರೆಬೇರೆ ದಾರಿಯಲ್ಲಿ ಬಂದ ಇಬ್ಬರು ಕಳ್ಳರು ಒಂದೇ ಹಿತ್ತಿಲಲ್ಲಿ ಮುಖಾಮುಖಿಯಾದಂತೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಆ ದೇಶದ ಮೀನುಕಟ್ಟೆಗಳಲ್ಲೂ ಇದೇ ಸನ್ನೆ ಇದೆಯೆ, ಅಥವಾ ಮೀನಿನವರಿಗೆ ಮೀನಿನವರ ಮನಸ್ಸು ತಾನಾಗಿ ತಿಳಿಯಿತೆ ಎಂಬ ಬಗ್ಗೆ ಹೇಳುವವರಲ್ಲಿ ಜಗಳವಿದೆ. ಹೆಂಗಸು ಮಾತ್ರ ಜಗಳಕ್ಕೆ ಎಡೆಮಾಡಲಿಲ್ಲ. ಉಸ್ತುವಾರಿಯ ಮೀಸೆಯ ಕೆಳಗಿನಿಂದಲೇ ಮೀನನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಒಳಗೊಯ್ದಳು. ಅರೆಗಳಿಗೆಯಲ್ಲಿ ಪರದೆಯಂಚಿನಲ್ಲಿ ಕಾಣಿಸಿಕೊಂಡು, ಆಗತಾನೇ ದೋಣಿಯಿಂದ ಇಳಿದ, ಇನ್ನೂ ಬಾಲ ಬಿಗಿಯಾಗಿದ್ದ ಬೇರೊಂದು ಕೆಂಪು ಮೀನನ್ನು ಎತ್ತಿ ತೋರಿಸಿದಳು. ಅದೇ ಚೀಟಿಯನ್ನು ಈಗ ಅದಕ್ಕೆ ಸಿಕ್ಕಿಸಿದ್ದಳು. ಬುಟ್ಟಿಯಮ್ಮ ಎಳೆದಿಟ್ಟುಕೊಂಡ ಉಸಿರನ್ನು ಬಿಟ್ಟು ಮೇಜಿಗೆ ಬಂದಳು.

ಬೆಂದ ಮೀನು ದೊಡ್ಡ ತಟ್ಟೆಯಲ್ಲಿ ಬಂತು. ಹೆಡ್ಮಿಸ್ಸು ತಲೆಯ ಭಾಗ ಮುರಿಯಲು ಚಮಚ ಎತ್ತಿದರು. ಮಗಳು ತುತ್ತು ಮುಟ್ಟದೆ ತಾಯಿಯನ್ನೇ ನೋಡುತ್ತಿದ್ದಳು. ಬುಟ್ಟಿಯಮ್ಮ ಬೆರಳ ತುದಿಯಿಂದ ತಟ್ಟೆಯನ್ನು ನಿಧಾನವಾಗಿ ತಿರುಗಿಸಿ, ಮೀನಿನ ಮುಖವನ್ನು ನೇರ ಮಗಳ ಕಡೆಗೆ ಮಾಡಿದಳು.

"ತಟ್ಟೆ ಯಾಕೆ ತಿರುಗಿಸ್ತೀರಿ?" ಎಂದರು ಹೆಡ್ಮಿಸ್ಸು.

"ಬಸುರಿ ಮುಖ ನೋಡ್ಲಿ ಅಂತ," ಎಂದಳು ಬುಟ್ಟಿಯಮ್ಮ.

ಮಗಳು ನಕ್ಕು, ಅತ್ತೆ ಬಡಿಸುವವರೆಗೂ ಕಾಯದೆ ತಿನ್ನತೊಡಗಿದಳು. ಸ್ವಲ್ಪ ಹೊತ್ತಿನಲ್ಲಿ ತಟ್ಟೆಯಲ್ಲಿ ಮುಳ್ಳಿನ ಹೊರತು ಏನೂ ಉಳಿಯಲಿಲ್ಲ.

"ಎಂಥಾ ಮೀನು ನೋಡಿ," ಎಂದರು ಹೆಡ್ಮಿಸ್ಸು ಬಾಯೊರೆಸಿಕೊಂಡು. "ಮೀನು ಆರಿಸೋಕೆ ಕಣ್ಣು ಬೇಕು. ನಲವತ್ತು ವರ್ಷ ಮಾರಿದ್ರೆ ಬರೋದಲ್ಲ ಅದು. ಏನಂತೀರಿ?"

ಮಗಳು ಬಾಯಿ ತೆರೆದಳು. ಬುಟ್ಟಿಯಮ್ಮ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಬೀಗಿತ್ತಿಯ ಹೆಮ್ಮೆಯೂ ಒಂದು ಬುಟ್ಟಿಯೇ. ಗಿರಾಕಿಗಳಾಗಿ ಮಗ ಸೊಸೆ ಎದುರಿಗೇ ಕೂತಿದ್ದಾರೆ.

"ನಿಮ್ಮ ಕಣ್ಣೇ ಕಣ್ಣು, ಬೀಗಿತ್ತಿಯವರೇ," ಎಂದಳು.

ಹೆಡ್ಮಿಸ್ಸು ಆ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯ ಮೇಜಿನ ಮೇಲೆ ಬಂದವರಿಗೆಲ್ಲ ಕಾಣುವಂತೆ ಇಟ್ಟಿದ್ದಾರೆ: ಐಸು, ನಿಂಬೆಹೋಳು, ಹಳಸಿದ ಮೀನು, ಪಕ್ಕದಲ್ಲಿ ತಾವು. ಬುಟ್ಟಿಯಮ್ಮ ಮೊಮ್ಮಗಳನ್ನು ನೋಡಲು ಬಂದುಹೋದಾಗಲೆಲ್ಲ ಆ ಫೋಟೋ ತಿರುಗಿ ಹೆಡ್ಮಿಸ್ಸಿನ ಆರಾಮಕುರ್ಚಿಯ ಕಡೆ ಮುಖ ಮಾಡಿರುತ್ತದೆ.

"ಪಾಪ, ಒಳ್ಳೆ ಮನಸ್ಸು ಅವರದ್ದು," ಎನ್ನುತ್ತಾರೆ ಹೆಡ್ಮಿಸ್ಸು. "ನಾನು ಕೂತಲ್ಲಿಂದಲೇ ನೋಡ್ಕೊಳ್ಳಲಿ ಅಂತ ತಿರುಗಿಸಿಟ್ಟು ಹೋಗ್ತಾರೆ."